ತೋಡಿನ ಬದಿಯ ಹಳೆ ಡೀಸೆಲ್ ಎಂಜಿನ್, ಈಗ ಮದ್ದಿನ ಪಂಪಿಗೆ

ತುಕ್ಕು ಹಿಡಿದು ಕೂತಿದ್ದ 5 ಎಚ್‌ಪಿ ಡೀಸೆಲ್ ಪಂಪ್‌ಸೆಟ್ ಒಂದನ್ನು ತಂದು, ಅದರ ಎಂಜಿನ್ ಬಿಚ್ಚಿ ಸರಿ ಮಾಡಿ, ಅಡಿಕೆಗೆ ಹೆಚ್ಚು ಒತ್ತಡದಲ್ಲಿ ಮದ್ದು ಬಿಡುವ ಎಚ್‌ಟಿಪಿ ಪಂಪಿಗೆ ಕಟ್ಟಿದ್ದೇನೆ. ಈಗ ಓಡುತ್ತಿದೆ. ಇಂಥದ್ದೇ ಕೆಲಸಕ್ಕೆ ಕೈ ಹಾಕಬೇಕು ಅಂದುಕೊಂಡವರು ನಮ್ಮ ಉಡುಪಿ ಕಡೆ ತುಂಬಾ ಜನ ಇದ್ದಾರೆ. ಅವರಿಗಾಗಿ ಇದು. ಮೊದಲೇ ಹೇಳಿಬಿಡುತ್ತೇನೆ: ಇಡೀ ಕೆಲಸದಲ್ಲಿ ಎಂಜಿನ್ನೇ ಸುಲಭ. ಅದಕ್ಕೆ ಪುಸ್ತಕ ಉಂಟು, ಸಾಮಾನು ಉಂಟು, ಗೊತ್ತಿದ್ದವರು ಉಂಟು. ತಲೆ ತಿನ್ನುವುದು ಎಂಜಿನ್ನಿನ ಸುತ್ತ ಇರುವ ಸಂಗತಿಗಳು. ತಣ್ಣಗಿಡುವ ನೀರು, ಕೂರಿಸುವ ಪೀಠ, ಎಳೆಯುವ ಬೆಲ್ಟು. ಈ ಮೂರು ಸರಿಯಾಗದೆ ಎಂಜಿನ್ನಿಗೆ ಎಷ್ಟು ಖರ್ಚು ಮಾಡಿದರೂ ಸುಮ್ನೆ.

ಡೀಸೆಲ್ಲೇ ಯಾಕೆ ಅಂತ ಕೇಳಬಹುದು. ತೋಟದಲ್ಲಿ ಕರೆಂಟ್ ಮೋಟರ್ ಇದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಬಿಲ್ಲೂ ಇಲ್ಲ. ಆದರೆ ಕೊಳೆರೋಗಕ್ಕೆ ಮದ್ದು ಬಿಡುವ ಹೊತ್ತು ಕರೆಂಟಿನ ಹೊತ್ತಲ್ಲ. ಮಳೆ ಹಿಡಿಯುವ ಮುಂಚೆ ಒಂದು ಸಲ, ಆಮೇಲೆ 40-45 ದಿನಕ್ಕೆ ಇನ್ನೊಂದು ಸಲ ಬಿಡಬೇಕು. ಎರಡನೆಯ ಸಲ ಅಂದರೆ ಸರಿಯಾಗಿ ಆಟಿಯ (ಜುಲೈ-ಆಗಸ್ಟ್) ಮಳೆ. ಅರ್ಧ ದಿನ ಹೊಳವು ಸಿಕ್ಕರೆ ಅದೇ ದೊಡ್ಡದು, ಆ ಅರ್ಧ ದಿನದಲ್ಲೇ ಎಲ್ಲೋ ಒಂದು ಮರ ಲೈನಿನ ಮೇಲೆ ಬಿದ್ದಿರುತ್ತದೆ. ಪೆಟ್ರೋಲ್ ಎಂಜಿನ್ ಇರುವ ಹೊಸ ಸೆಟ್ ಅಂಗಡಿಯಲ್ಲಿ ಸಿಗುತ್ತದೆ, ತಂದ ದಿನವೇ ಕೆಲಸ ಶುರು ಮಾಡಬಹುದು. ದುಡ್ಡು ಉಳಿಸುವುದೇ ಉದ್ದೇಶವಾದರೆ ಅದನ್ನೇ ತನ್ನಿ, ನಿಜವಾಗಿ ಹೇಳುತ್ತಿದ್ದೇನೆ. ನನಗೆ ಬೇಕಾಗಿದ್ದು ಬೇರೆ. ದಿನವಿಡೀ ನಿಧಾನಕ್ಕೆ ಓಡುವ, ಇಪ್ಪತ್ತು ವರ್ಷ ಬಿಟ್ಟು ಬಿಚ್ಚಿದರೂ ಸಾಮಾನು ಸಿಗುವ ಎಂಜಿನ್. ಜತೆಗೆ ಕೈಗೆ ಕೆಲಸ ಬೇಕಿತ್ತು ಅನ್ನುವುದೂ ಸತ್ಯ.

ಹೆಬ್ರಿ ಕಡೆಯ ಒಂದು ಮನೆಯ ಗದ್ದೆ ಬದಿಯಲ್ಲಿ ಇದು ಸಿಕ್ಕಿತು. ಕಿರ್ಲೋಸ್ಕರ್ ಎವಿ-1, ನಿಮಿಷಕ್ಕೆ 1500 ಸುತ್ತಿನದ್ದು. 80 ಮಿ.ಮೀ. ಬೋರ್, 110 ಮಿ.ಮೀ. ಸ್ಟ್ರೋಕ್, 553 ಸಿಸಿ. ಒಂದು ಕಾಲದಲ್ಲಿ ಸುಗ್ಗಿ ಬೆಳೆಗೆ (ಮಳೆಗಾಲದ ನಂತರದ ಭತ್ತಕ್ಕೆ) ತೋಡಿನಿಂದ ನೀರು ಎತ್ತುತ್ತಿತ್ತಂತೆ. ಆಮೇಲೆ ಕರೆಂಟ್ ಬಂತು, ಸುಗ್ಗಿ ಬೆಳೆಯೂ ನಿಂತಿತು, ಎಂಜಿನ್ ಶೆಡ್ಡಿನಲ್ಲೇ ಉಳಿಯಿತು. ಶೆಡ್ಡಿನ ಹಂಚು ಜಾರಿ ಎಷ್ಟೋ ಮಳೆಗಾಲ ಆಗಿತ್ತು.

"ಗುಜರಿಯವ ಕೇಳಿಕೊಂಡು ಹೋಗಿದ್ದಾನೆ. ನಿಮಗೆ ಎಂತಕ್ಕೆ ಮಾರಾಯ್ರೆ ಇದು? ತಿರುಗುವುದೇ ಇಲ್ಲ," ಅಂದರು ಮನೆಯ ಯಜಮಾನರು.

"ತಿರುಗದಿದ್ದರೆ ಒಳ್ಳೆಯದೇ, ಗುಜರಿ ರೇಟಿಗೆ ಕೊಡಿ," ಅಂದೆ. ನಕ್ಕರು. ಗುಜರಿಯವನ ತೂಕದ ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿ ಕೊಟ್ಟು ಮುಗಿಸಿದೆ. ಇಂಥ ಎಂಜಿನ್ನಿಗೆ ತೂಕವೇ ಸರಿಯಾದ ಬೆಲೆ. ಓಡುವ ಸ್ಥಿತಿಯಲ್ಲಿದೆ, ಬರೀ ಸ್ಟಾರ್ಟ್ ಆಗುವುದಿಲ್ಲ ಅಂತ ಜಾಸ್ತಿ ಕೇಳುವವರ ಹತ್ತಿರ ನಿಲ್ಲಬೇಡಿ. ಸ್ಟಾರ್ಟ್ ಆಗದ ಎಂಜಿನ್ ಎಲ್ಲವೂ ಒಂದೇ. ಬಿಚ್ಚುವವರೆಗೆ ಒಳಗೆ ಏನಿದೆ ಯಾರಿಗೂ ಗೊತ್ತಿಲ್ಲ.

ಆದರೂ ಬಿಚ್ಚದೆಯೇ ನೋಡಬಹುದಾದದ್ದು ಕೆಲವು ಇದೆ. ಮೊದಲು ಡಿಪ್‌ಸ್ಟಿಕ್. ಎಣ್ಣೆ ಕಪ್ಪಗಿದ್ದರೆ ಚಿಂತೆ ಇಲ್ಲ, ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಅಂತ ಅರ್ಥ. ಲೈನರಿನ (ಪಿಸ್ಟನ್ ಆಡುವ ಕೊಳವೆಯ) ಕೆಳಗಿನ ರಬ್ಬರ್ ರಿಂಗ್ ಸೋರಿದ್ದರೆ ಪರವಾಗಿಲ್ಲ, ಬ್ಲಾಕೇ ಬಿರುಕು ಬಿಟ್ಟಿದ್ದರೆ ಅಲ್ಲಿಗೆ ಬಿಟ್ಟು ಬರಬೇಕು. ಆಮೇಲೆ ಫ್ಲೈವೀಲಿನ ಕೆಳಗೆ ಹಾರೆ ಕೊಟ್ಟು ಮೇಲಕ್ಕೆ ಎತ್ತಿ ನೋಡಿ. ಟಕ್ ಅಂತ ಆಡಿದರೆ ಕ್ರ್ಯಾಂಕಿನ ಬೇರಿಂಗ್ ಹೋಗಿದೆ. ನೇಮ್ ಪ್ಲೇಟ್ ಇದೆಯಾ ನೋಡಿ, ಸಾಮಾನು ತರುವಾಗ ಮಾಡೆಲ್ ಗೊತ್ತಿರಬೇಕು. ಡೀಸೆಲ್ ಪಂಪು, ಡೀಸೆಲ್ ಚಿಮ್ಮಿಸುವ ನಾಝಲ್ ಎರಡೂ ಮೈಮೇಲೆ ಇವೆಯಾ ನೋಡಿ. ಬಿಚ್ಚಿ ಮಾರುವವರು ಮೊದಲು ತೆಗೆಯುವುದು ಅವನ್ನೇ. ನನ್ನದರಲ್ಲಿ ಎಲ್ಲ ಇತ್ತು. ಎಣ್ಣೆ ಕಪ್ಪಗಿತ್ತು. ಫ್ಲೈವೀಲ್ ಮಾತ್ರ ಒಂದು ಕೂದಲೆಳೆಯೂ ಅಲುಗುತ್ತಿರಲಿಲ್ಲ.

ಯಾಕೆ ಅಂತ ಸೈಲೆನ್ಸರ್ ನೋಡಿದ ಕೂಡಲೇ ಗೊತ್ತಾಯಿತು. ಪೈಪು ನೆಟ್ಟಗೆ ಆಕಾಶ ನೋಡುತ್ತಿತ್ತು, ತಲೆಗೆ ಮುಚ್ಚಳ ಇಲ್ಲ. ನಮ್ಮಲ್ಲಿ ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ. ಎಂಜಿನ್ ನಿಂತಾಗ ಎಕ್ಸಾಸ್ಟ್ ವಾಲ್ವ್ ತೆರೆದಿದ್ದರೆ ಆ ನೀರು ಸೀದಾ ಪಿಸ್ಟನ್ನಿನ ತಲೆ ಮೇಲೆ ಬಂದು ಕೂರುತ್ತದೆ. ಅಲ್ಲೇ ತುಕ್ಕು ಹಿಡಿದು ರಿಂಗು, ಲೈನರ್ ಒಂದಾಗಿಬಿಡುತ್ತವೆ. ನಿಮ್ಮ ಮನೆಯಲ್ಲಿ ಯಾವುದೇ ಹಳೆ ಎಂಜಿನ್ ಇದ್ದರೂ ಸೈಲೆನ್ಸರಿನ ಬಾಯಿಗೆ ಇವತ್ತೇ ಒಂದು ಡಬ್ಬಿ ಕವುಚಿ ಹಾಕಿ.

ಮನೆಗೆ ತಂದ ಮೇಲೆ ಹೆಡ್ ಬಿಚ್ಚಿದೆ. ನಟ್ಟುಗಳಿಗೆ ಹಿಂದಿನ ದಿನವೇ ಡೀಸೆಲ್ ಸೀಮೆಎಣ್ಣೆ ಬೆರೆಸಿ ಕುಡಿಸಿಟ್ಟಿದ್ದೆ. ಸ್ಟಡ್ ಮುರಿದರೆ ಕೆಲಸ ಎರಡಷ್ಟಾಗುತ್ತದೆ. ಹಾಗಾಗಿ ಬಿಗಿಯಾದ ನಟ್ಟನ್ನು ಒಂದೇ ಸಮನೆ ಬಿಚ್ಚುವ ಬದಲು ಸ್ವಲ್ಪ ಬಿಚ್ಚುವುದು, ಸ್ವಲ್ಪ ಬಿಗಿ ಮಾಡುವುದು, ಮತ್ತೆ ಬಿಚ್ಚುವುದು. ಪಿಸ್ಟನ್ ಮೇಲೆ ಕೆಂಪು ಕೆಸರಿನಂಥ ತುಕ್ಕು. ಅದನ್ನು ತೆಗೆದು, ಲೈನರಿನ ಒಳಗೆ ಡೀಸೆಲ್ ತುಂಬಿಸಿ ಬಿಟ್ಟೆ. ಇಳಿದ ಹಾಗೆ ಮತ್ತೆ ತುಂಬಿಸುವುದು. ಇಲ್ಲಿ ತಾಳ್ಮೆಯೇ ಮದ್ದು. ಆಮೇಲೆ ಪಿಸ್ಟನ್ ತಲೆಯಷ್ಟೇ ಅಗಲದ ಹಲಸಿನ ಮರದ ತುಂಡು ಇಟ್ಟು ಮೇಲಿಂದ ಹಗುರವಾಗಿ ಸುತ್ತಿಗೆ ಏಟು. ಅಂಚಿಗೆ ಬೀಳಬಾರದು, ಕಬ್ಬಿಣದಿಂದ ಹೊಡೆಯಲೇಬಾರದು. ಫ್ಲೈವೀಲಿಗೆ ಉದ್ದ ಪೈಪ್ ಕೊಟ್ಟು ಜಗ್ಗುವವರೂ ಇದ್ದಾರೆ, ನನಗೆ ಅದು ಇಷ್ಟವಿಲ್ಲ. ಕನೆಕ್ಟಿಂಗ್ ರಾಡ್ ಬಗ್ಗಿದರೆ ಕಣ್ಣಿಗೆ ಕಾಣುವುದಿಲ್ಲ, ಓಡಿಸಿದ ಮೇಲೆ ಸದ್ದು ಹೇಳುತ್ತದೆ. ಕೊನೆಗೆ ಪಿಸ್ಟನ್ ಕೂದಲೆಳೆಯಷ್ಟು ಕೆಳಗೆ ಹೋಯಿತು. ಒಂದು ಸಲ ಅಲುಗಿದರೆ ಆಮೇಲೆ ಹಿಂದೆ ಮುಂದೆ ಆಡಿಸುತ್ತಾ ಬಿಡಿಸಿಕೊಳ್ಳಬಹುದು.

ಲೈನರಿನಲ್ಲಿ ತುಕ್ಕು ತಿಂದ ಗುಳಿಗಳು ಉಗುರಿಗೆ ಸಿಗುತ್ತಿದ್ದವು. ಇಂಥದ್ದನ್ನು ಉಜ್ಜಿ ನಯ ಮಾಡಿ ಓಡಿಸುವ ಆಸೆ ಬರುತ್ತದೆ, ಬೇಡ. ಪಿಸ್ಟನ್, ಲೈನರ್, ರಿಂಗ್, ಪಿನ್ ಎಲ್ಲ ಸೇರಿದ ಸೆಟ್ ಈ ಎಂಜಿನ್ನಿಗೆ ಈಗಲೂ ಸುಲಭವಾಗಿ ಸಿಗುತ್ತದೆ. ನಾನು ಮಂಗಳೂರು ಬಂದರಿನ ಅಂಗಡಿಯಿಂದ ತಂದೆ. ಹೊಸ ರಿಂಗನ್ನೂ ಹಾಗೇ ಹಾಕಬಾರದು. ಲೈನರಿನೊಳಗೆ ರಿಂಗ್ ಒಂದನ್ನೇ ಇಳಿಸಿ, ಪಿಸ್ಟನ್ ತಲೆಯಿಂದ ಸಮ ಮಾಡಿ, ಬಾಯಿಯ ಸಂದನ್ನು ಫೀಲರ್ ಗೇಜಿನಲ್ಲಿ ನೋಡಬೇಕು. 80 ಮಿ.ಮೀ. ಬೋರಿಗೆ 0.3 ಮಿ.ಮೀ. ಆಸುಪಾಸು ಇದ್ದರೆ ಸರಿ. ಸಂದೇ ಇಲ್ಲದಿದ್ದರೆ ಬಿಸಿಗೆ ಹಿಗ್ಗಿ ಮತ್ತೆ ಸಿಕ್ಕಿಹಾಕಿಕೊಳ್ಳುತ್ತದೆ. ಲೈನರಿನ ಕೆಳಗಿನ ರಬ್ಬರ್ ರಿಂಗಿಗೆ ಗ್ರೀಸ್ ಬೇಡ, ಸೋಪಿನ ನೀರು ಸಾಕು.

ವಾಲ್ವ್‌ಗಳನ್ನು ಪೇಸ್ಟ್ ಹಾಕಿ ಉಜ್ಜಿ ಕೂರಿಸಿದೆ. ಸರಿಯಾಗಿದೆಯಾ ಅಂತ ನೋಡಲು ಹೆಡ್ಡನ್ನು ಮಗುಚಿ ಸೀಮೆಎಣ್ಣೆ ಹುಯ್ದು ಬಿಟ್ಟರಾಯಿತು, ಹಿಂದಿನಿಂದ ಜಿನುಗದಿದ್ದರೆ ಪಾಸು. ಹೆಡ್ ನಟ್ಟುಗಳನ್ನು ಎದುರು ಬದುರಾಗಿ, ಹಂತ ಹಂತವಾಗಿ ಬಿಗಿಯಬೇಕು. ಮೊದಲ ಸಲ ಬಿಸಿಯಾಗಿ ತಣಿದ ಮೇಲೆ ಇನ್ನೊಮ್ಮೆ.

ಇಂಧನದ ಕಡೆ ಹೆಚ್ಚು ಹೊತ್ತು ಹೋಯಿತು. ಟ್ಯಾಂಕಿನಲ್ಲಿ ಡೀಸೆಲ್ ಇರಲಿಲ್ಲ, ಕಪ್ಪು ಅಂಟು ಇತ್ತು. ಸಣ್ಣ ಜಲ್ಲಿ ಮತ್ತು ಸೀಮೆಎಣ್ಣೆ ಹಾಕಿ ಚೆನ್ನಾಗಿ ಅಲುಗಾಡಿಸಿದರೆ ತುಕ್ಕೂ ಅಂಟೂ ಬರುತ್ತದೆ. ಡೀಸೆಲ್ ಪಂಪು ಬಿಚ್ಚುವಾಗ ಒಂದು ಎಚ್ಚರಿಕೆ. ಪಂಪಿನ ಅಡಿಯಲ್ಲಿ ತೆಳ್ಳನೆಯ ಶಿಮ್‌ಗಳು ಇರುತ್ತವೆ. ಅವು ಬರೀ ಗ್ಯಾಸ್ಕೆಟ್ ಅಲ್ಲ. ಡೀಸೆಲ್ ಯಾವಾಗ ಒಳಗೆ ಚಿಮ್ಮಬೇಕು ಅನ್ನುವುದು ಅವುಗಳ ದಪ್ಪದಿಂದಲೇ ತೀರ್ಮಾನವಾಗುತ್ತದೆ. ಈ ಎಂಜಿನ್ನಿಗೆ ಪಿಸ್ಟನ್ ಮೇಲಕ್ಕೆ ಮುಟ್ಟುವ 23 ಡಿಗ್ರಿ ಮುಂಚೆ. ಎಷ್ಟು ಇದ್ದವೋ ಅಷ್ಟನ್ನೇ ದಾರದಲ್ಲಿ ಪೋಣಿಸಿ ಇಟ್ಟುಕೊಳ್ಳಿ, ವಾಪಸ್ ಅಷ್ಟನ್ನೇ ಹಾಕಿ.

ನಾಝಲ್ ಪರೀಕ್ಷೆ ಮನೆಯಲ್ಲಿ ಆಗುವ ಕೆಲಸ ಅಲ್ಲ. ಮಲ್ಪೆಗೆ ಒಯ್ದೆ. ಬೋಟಿನ ಎಂಜಿನ್ ನೋಡುವವರಿಗೆ ಇಂಥದ್ದೆಲ್ಲ ಚಿಟಿಕೆ ಕೆಲಸ. ಕೈಪಂಪಿನಲ್ಲಿ ಒತ್ತಡ ಕೊಟ್ಟು ನೋಡುತ್ತಾರೆ, 200 ಕೆಜಿ (ಚದರ ಸೆಂ.ಮೀ.ಗೆ) ಹತ್ತಿರ ಬಂದಾಗ ಚಿರ್ ಅಂತ ಮಂಜಿನ ಹಾಗೆ ಒಡೆಯಬೇಕು. ನನ್ನದು ಹನಿಹನಿಯಾಗಿ ಬೀಳುತ್ತಿತ್ತು. "ಇದನ್ನು ಬಿಸಾಡಿ ಅಣ್ಣ, ಹೊಸದು ಹಾಕುವ," ಅಂದ ಅಲ್ಲಿದ್ದ ಹುಡುಗ. ಹೊಸ ನಾಝಲ್ ಹಾಕಿಸಿ, ಒತ್ತಡ ಹೊಂದಿಸಿಕೊಂಡು ಬಂದೆ. ಮನೆಯಲ್ಲಿ ಅದನ್ನು ಹೊರಗಿಟ್ಟು ಚಿಮ್ಮಿಸಿ ನೋಡುವ ಕುತೂಹಲ ಎಲ್ಲರಿಗೂ ಬರುತ್ತದೆ. ಕೈ ಮಾತ್ರ ಎದುರು ಹಿಡಿಯಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಆಮೇಲೆ ಆಸ್ಪತ್ರೆಯೇ ಗತಿ.

ಗಾಳಿ ತೆಗೆಯುವುದು ಗೊತ್ತಿರುವ ಕೆಲಸವೇ. ಮೊದಲು ಫಿಲ್ಟರಿನ ಸ್ಕ್ರೂ, ಆಮೇಲೆ ಪಂಪಿನದ್ದು, ಕೊನೆಗೆ ನಾಝಲ್ ಪೈಪಿನ ನಟ್ಟು. ಗುಳ್ಳೆ ನಿಲ್ಲುವವರೆಗೆ ಬಿಡಬೇಕು. ಮೊದಲ ಸ್ಟಾರ್ಟಿಗೆ ಮುಂಚೆ ಇನ್ನೆರಡು ಸಂಗತಿ. ಡೀಸೆಲ್ ನಿಲ್ಲಿಸುವ ಲಿವರ್ ಸರಾಗವಾಗಿ ಆಡುತ್ತದಾ ಅಂತ ಕೈಯಲ್ಲೇ ನೋಡಬೇಕು. ಗಾಳಿ ಹೀರುವ ಬಾಯಿಗೆ ಮುಚ್ಚುವಂಥ ಒಂದು ಹಲಗೆ ಪಕ್ಕದಲ್ಲೇ ಇರಬೇಕು. ಎಂಜಿನ್ ಕೈಮೀರಿ ಓಡತೊಡಗಿದರೆ ಉಸಿರು ಕಟ್ಟಿಸಿ ನಿಲ್ಲಿಸುವುದೇ ನಂಬಬಹುದಾದ ದಾರಿ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಬದಿಗೇ ಇರಲಿ, ಸುತ್ತಿ ಹಿಡಿಯಬೇಡಿ. ಹಿಂದಕ್ಕೆ ಒದ್ದರೆ ಹೆಬ್ಬೆರಳು ಹೋಗುತ್ತದೆ. ಸಿಲಿಂಡರಿನ ಒತ್ತಡ ಬಿಡಿಸುವ ಡಿಕಂಪ್ರೆಷನ್ ಲಿವರ್ ಎತ್ತಿ, ಜೋರಾಗಿ ತಿರುಗಿಸಿ, ವೇಗ ಬಂದಾಗ ಲಿವರ್ ಬಿಟ್ಟೆ. ಡಬ್ ಡಬ್ ಅಂತು. ಸ್ವಲ್ಪ ಹೊತ್ತು ಬಿಳಿ ಹೊಗೆ, ಆಮೇಲೆ ತಿಳಿಯಾಯಿತು. ಪಕ್ಕದ ಮನೆಯ ಅಜ್ಜ ಬೇಲಿ ಹತ್ತಿರ ಬಂದು ನಿಂತು, "ಈ ಸದ್ದು ಕೇಳದೆ ಎಷ್ಟು ವರ್ಷ ಆಯಿತು," ಅಂದರು. ನಿಲ್ಲಿಸಲು ಬಿಡಲಿಲ್ಲ.

ಆದರೆ ನಿಲ್ಲಿಸಲೇಬೇಕಿತ್ತು, ಯಾಕೆಂದರೆ ನೀರು ಇರಲಿಲ್ಲ.

ಇಲ್ಲಿಂದ ನಿಜವಾದ ಕೆಲಸ. ಈ ಪಂಪ್‌ಸೆಟ್‌ಗಳಲ್ಲಿ ಎಂಜಿನ್ ತಣ್ಣಗಿಡುವ ನೀರು ಬರುತ್ತಿದ್ದದ್ದು ಪಂಪಿನಿಂದಲೇ. ಪಂಪು ಎತ್ತಿದ ನೀರಿನಲ್ಲಿ ಸ್ವಲ್ಪ ಭಾಗ ಸಣ್ಣ ಪೈಪಿನಲ್ಲಿ ಎಂಜಿನ್ನಿನ ಒಳಗೆ ಹೋಗಿ ಹೊರಗೆ ಚೆಲ್ಲುತ್ತಿತ್ತು. ನೀರಿನ ಪಂಪು ತೆಗೆದು ಮದ್ದಿನ ಪಂಪು ಕಟ್ಟಿದ ಕೂಡಲೇ ಎಂಜಿನ್ನಿಗೆ ನೀರೇ ಇಲ್ಲ. ಎಚ್‌ಟಿಪಿಯ ಹೆಚ್ಚಾಗಿ ವಾಪಸ್ ಬರುವ ಬೈಪಾಸ್ ನೀರನ್ನೇ ಒಳಗೆ ಬಿಡಬಹುದಲ್ವಾ ಅಂತ ಒಬ್ಬರು ಕೇಳಿದರು. ಅದು ನೀರಲ್ಲ, ಮೈಲುತುತ್ತಿನ (ತಾಮ್ರದ ಸಲ್ಫೇಟ್) ಮದ್ದು. ಎರಕದ ಕಬ್ಬಿಣದೊಳಗೆ ಅದನ್ನು ಓಡಿಸಿದರೆ ಎಂಜಿನ್ನನ್ನು ತಿಂದು ಹಾಕುತ್ತದೆ.

ಎರಡು ದಾರಿ ಇತ್ತು. ತೋಟದ ಮೇಲಿನ ದರೆಯಲ್ಲಿ ನೀರಿನ ಟ್ಯಾಂಕಿ ಇದೆ, ಅಲ್ಲಿಂದ ಪೈಪ್ ಎಳೆದು ಎಂಜಿನ್ ಮೂಲಕ ಬಿಟ್ಟು ಚೆಲ್ಲುವುದು. ಸುಲಭ. ಆದರೆ ಮಳೆಗಾಲದ ತಣ್ಣನೆಯ ನೀರು ಸತತ ಹರಿದರೆ ಎಂಜಿನ್ ಬಿಸಿಯೇ ಆಗುವುದಿಲ್ಲ. ಡೀಸೆಲ್ ಎಂಜಿನ್ ತೀರಾ ತಣ್ಣಗಿದ್ದರೆ ಅದೂ ತೊಂದರೆಯೇ. ಸರಿಯಾಗಿ ಉರಿಯದ ಡೀಸೆಲ್ ಲೈನರಿನ ಗೋಡೆಗಿಳಿದು ಎಣ್ಣೆಯನ್ನು ಕೆಡಿಸುತ್ತದೆ, ಗಂಧಕದ ಆಮ್ಲ ಕೂತು ಲೈನರ್ ಸವೆಯುತ್ತದೆ. ಹೊಸ ಲೈನರ್ ಹಾಕಿ ಅದನ್ನು ತಣ್ಣಗೆ ಸವೆಸುವುದು ಯಾಕೆ? ಹಾಗಾಗಿ ಎರಡನೆಯ ದಾರಿ ಹಿಡಿದೆ, 200 ಲೀಟರಿನ ಡ್ರಮ್ಮು.

ಇದು ಪಂಪಿಲ್ಲದೆ ತಾನಾಗಿ ತಿರುಗುವ ನೀರು. ಡ್ರಮ್ಮಿನ ಬುಡದಿಂದ ತಣ್ಣನೆಯ ನೀರು ಎಂಜಿನ್ನಿನ ಕೆಳಗಿನ ತೂತಿಗೆ ಹೋಗುತ್ತದೆ. ಒಳಗೆ ಬಿಸಿಯಾಗಿ ಹಗುರವಾಗಿ ಹೆಡ್ಡಿನ ಮೇಲಿಂದ ಎದ್ದು ಡ್ರಮ್ಮಿನ ಮೇಲ್ಭಾಗಕ್ಕೆ ಸೇರುತ್ತದೆ. ಹೇಳಲು ಸುಲಭ, ಆದರೆ ಮೂರು ಸಂಗತಿ ತಪ್ಪಿದರೆ ನೀರು ತಿರುಗುವುದಿಲ್ಲ. ಮೇಲಿನ ಪೈಪು ಎಂಜಿನ್ನಿನಿಂದ ಡ್ರಮ್ಮಿನವರೆಗೆ ಏರುತ್ತಲೇ ಹೋಗಬೇಕು, ನಡುವೆ ಎಲ್ಲೂ ಗೂನು ಬೀಳಬಾರದು. ಗೂನಿನಲ್ಲಿ ಹಬೆ ಕೂತರೆ ಅಲ್ಲಿಗೆ ಮುಗಿಯಿತು. ಆ ಪೈಪಿನ ಬಾಯಿ ಡ್ರಮ್ಮಿನ ನೀರಿನೊಳಗೆ ಮುಳುಗಿರಬೇಕು, ನೀರು ಇಳಿದು ಬಾಯಿ ಮೇಲೆ ಬಂದರೆ ಸುತ್ತು ಕಡಿಯುತ್ತದೆ. ಮತ್ತೆ ಪೈಪು ದಪ್ಪ ಇರಬೇಕು. ಪಂಪಿನ ಒತ್ತಡಕ್ಕೆ ಸಾಕಾಗುತ್ತಿದ್ದ ಸಣ್ಣ ಪೈಪಿನಲ್ಲಿ ಬಿಸಿ ನೀರು ತಾನಾಗಿ ಏರುವುದಿಲ್ಲ. ಹೆಡ್ಡಿನ ಮೇಲಿನ ಫ್ಲಾಂಜನ್ನು ಮಣಿಪಾಲದ ಇಂಡಸ್ಟ್ರಿಯಲ್ ಏರಿಯಾದ ಒಂದು ಲೇತಿಗೆ ಒಯ್ದು, ಅದೇ ಅಳತೆಗೆ ದಪ್ಪ ಪೈಪು ಕೂರುವ ಹಾಗೆ ಹೊಸದು ಮಾಡಿಸಿದೆ. ಇಡೀ ಕೆಲಸದಲ್ಲಿ ಹೊರಗೆ ಹೇಳಿ ಮಾಡಿಸಿದ ಲೇತ್ ಕೆಲಸ ಇದೊಂದು ಮತ್ತು ಪುಲ್ಲಿಯದ್ದು.

200 ಲೀಟರ್ ಸಾಕಾ ಅಂತ ಲೆಕ್ಕ ಹಾಕಿ ನೋಡಿದೆ. ಮದ್ದಿನ ಪಂಪು ಎಂಜಿನ್ನಿನ ಅರ್ಧ ಶಕ್ತಿಯನ್ನಷ್ಟೇ ಕೇಳುತ್ತದೆ, ಹಾಗಾಗಿ ನೀರಿಗೆ ಹೋಗುವ ಬಿಸಿ ಎರಡೂವರೆ ಕಿಲೋವಾಟ್ ಅಂತ ಇಟ್ಟುಕೊಳ್ಳೋಣ. 200 ಲೀಟರ್ ನೀರು ಒಂದು ಡಿಗ್ರಿ ಏರಲು ಸುಮಾರು 840 ಕಿಲೋಜೂಲ್ ಬೇಕು. ಅಂದರೆ ಗಂಟೆಗೆ ಹತ್ತು ಹನ್ನೊಂದು ಡಿಗ್ರಿ ಏರಿಕೆ. 28 ಡಿಗ್ರಿಯಿಂದ ಶುರುವಾದರೆ 70 ಮುಟ್ಟಲು ನಾಲ್ಕು ಗಂಟೆ, ಅದೂ ಡ್ರಮ್ಮಿನ ಮೈಯಿಂದ ಬಿಸಿ ಹೊರಗೆ ಹೋಗುವುದೇ ಇಲ್ಲ ಅಂತ ಹಿಡಿದರೆ. ನಿಜದಲ್ಲಿ ಇನ್ನೂ ನಿಧಾನ. ಮಧ್ಯಾಹ್ನ ಊಟಕ್ಕೆ ನಿಲ್ಲಿಸುತ್ತೇವೆ, ಆಗ ಒಂದಿಷ್ಟು ತಣಿಯುತ್ತದೆ. ಡ್ರಮ್ಮಿನ ಮೇಲ್ಭಾಗಕ್ಕೆ ಕೈ ಇಟ್ಟು ಇಟ್ಟುಕೊಳ್ಳಲಾಗದಷ್ಟು ಬಿಸಿ, ಬುಡಕ್ಕೆ ಇಟ್ಟರೆ ಉಗುರು ಬೆಚ್ಚಗೆ. ಹಾಗಿದ್ದರೆ ನೀರು ತಿರುಗುತ್ತಿದೆ ಅಂತ ಅರ್ಥ.

ತುಂಬಿದ ಡ್ರಮ್ಮು 200 ಕೆಜಿಗೂ ಮೇಲೆ. ಹಾಗಾಗಿ ಗಾಡಿ ಮಾಡಿ ತೋಟದೊಳಗೆ ಎಳೆದಾಡುವ ಯೋಚನೆ ಬಿಟ್ಟೆ. ಎಂಜಿನ್ ಒಂದೇ ಕಡೆ ಇರಲಿ, ಹೋಸ್ ಉದ್ದ ಇರಲಿ. ತೋಟದ ನಡುವಿನ ಹಳೆ ಸೊಪ್ಪಿನ ಕೊಟ್ಟಿಗೆಯಲ್ಲಿ ಪೀಠ ಹಾಕಿದೆ. ಕೆಂಪುಕಲ್ಲು ಕಟ್ಟಿ ಅದರ ಮೇಲೆ ಕೂರಿಸಿದರೆ ಸಾಕು ಅಂತ ಹಲವರು ಹೇಳಿದರು. ಮನೆ ಕಟ್ಟಲು ಕೆಂಪುಕಲ್ಲು ಚಿನ್ನ, ಆದರೆ ಒಂಟಿ ಸಿಲಿಂಡರಿನ ಕುಲುಕಾಟಕ್ಕೆ ಬೋಲ್ಟಿನ ಸುತ್ತ ಅದು ಪುಡಿಯಾಗುತ್ತದೆ. ನೆಲ ಅಗೆದು ಕಾಂಕ್ರೀಟೇ ಹಾಕಿ, ಬುಡ ಬಗ್ಗಿಸಿದ ಬೋಲ್ಟುಗಳನ್ನು ಅದರಲ್ಲೇ ಹೂತು, ಮೇಲೆ ಎರಡು ಸಿ-ಚಾನೆಲ್ ಇಟ್ಟೆ. ಎಂಜಿನ್ ಮತ್ತು ಪಂಪು ಎರಡೂ ಅದೇ ಚಾನೆಲ್ಲಿನ ಮೇಲೆ. ಬೇರೆ ಬೇರೆ ಪೀಠ ಹಾಕಿದರೆ ಒಂದು ಮಳೆಗಾಲಕ್ಕೆ ಒಂದು ಸ್ವಲ್ಪ ಕೂತು, ಬೆಲ್ಟಿನ ಗೆರೆ ತಪ್ಪುತ್ತದೆ.

ಈಗ ಬೆಲ್ಟು. ಎಂಜಿನ್ 1500 ಸುತ್ತು, ನನ್ನ ಎಚ್‌ಟಿಪಿ ಪಂಪಿನ ಪ್ಲೇಟಿನಲ್ಲಿ ಬರೆದದ್ದು 900ರ ಆಸುಪಾಸು. ಎಂಜಿನ್ನಿಗೆ 6 ಇಂಚಿನ ಪುಲ್ಲಿ, ಪಂಪಿಗೆ 10 ಇಂಚಿನದ್ದು ಹಾಕಿದರೆ ಸರಿಯಾಗಿ 900. ಪಂಪಿಗೆ ಬೇಕಾದ ಶಕ್ತಿ ಎಷ್ಟು ಅಂತಲೂ ನೋಡಿಕೊಳ್ಳಿ. 30 ಕೆಜಿ ಒತ್ತಡದಲ್ಲಿ ನಿಮಿಷಕ್ಕೆ 25 ಲೀಟರ್ ಅಂದರೆ ನೀರಿಗೇ ಒಂದೂಮುಕ್ಕಾಲು ಎಚ್‌ಪಿ ಹತ್ತಿರ. ಬೆಲ್ಟು, ಪಂಪಿನ ಒಳಗಿನ ಉಜ್ಜಾಟ ಎಲ್ಲ ಸೇರಿ ಎರಡೂವರೆ ಅಂತ ಹಿಡಿದರೂ 5 ಎಚ್‌ಪಿ ಎಂಜಿನ್ನಿಗೆ ಅದು ಆಟ. ಬಿ ಸೈಜಿನ ಎರಡು ಬೆಲ್ಟು ಹಾಕಿದ್ದೇನೆ. ಎರಡು ಶಾಫ್ಟಿನ ನಡುವೆ 24 ಇಂಚು. ಅದಕ್ಕೆ ಬೇಕಾದ ಉದ್ದ ಲೆಕ್ಕದಲ್ಲಿ 73 ಇಂಚು ಚಿಲ್ಲರೆ ಬಂತು, ಬಿ-72 ತಂದು ಉಳಿದದ್ದನ್ನು ಪಂಪು ಜರುಗಿಸಿ ಹೊಂದಿಸಿದೆ. ಬೆಲ್ಟು ಜೋಡಿ ತರುವಾಗ ಒಂದೇ ಕಂಪನಿಯದ್ದು, ಒಂದೇ ಸಲ ತನ್ನಿ. ಹಳೆಯದರ ಜತೆ ಹೊಸದು ಹಾಕಿದರೆ ಹೊಸದೊಂದೇ ದುಡಿಯುತ್ತದೆ.

ಪಂಪು ಯಾವ ಕಡೆ ತಿರುಗಬೇಕು ಅನ್ನುವ ಬಾಣದ ಗುರುತು ಅದರ ಮೈಮೇಲೆ ಇರುತ್ತದೆ. ಬೆಲ್ಟು ತಿರುಗುವ ದಿಕ್ಕನ್ನು ಬದಲಿಸುವುದಿಲ್ಲ. ಆದರೆ ಪಂಪಿನ ಮುಖವನ್ನು ಆಚೆ ತಿರುಗಿಸಿ ಕೂರಿಸಿದರೆ ಅದರ ಪಾಲಿಗೆ ಉಲ್ಟಾ ಆಗುತ್ತದೆ. ಚಾನೆಲ್ಲಿಗೆ ತೂತು ಕೊರೆಯುವ ಮೊದಲು ನೆಲದ ಮೇಲೆ ಇಟ್ಟು ಇದನ್ನು ನೋಡಿಕೊಂಡೆ.

ಕ್ಲಚ್ ಇಲ್ಲದ ಕಾರಣ ಬೆಲ್ಟು ಬಿಗಿಯಾಗಿದ್ದರೆ ಹ್ಯಾಂಡಲ್ ತಿರುಗಿಸುವವನು ಪಂಪನ್ನೂ ತಿರುಗಿಸಬೇಕು. ಅದು ಆಗದ ಮಾತು. ಅದಕ್ಕೆ ಪಂಪನ್ನು ಒಂದು ದಪ್ಪ ತಗಡಿನ ಮೇಲೆ ಕೂರಿಸಿ, ತಗಡಿನ ಒಂದು ಬದಿಗೆ ಹಿಂಜ್, ಇನ್ನೊಂದು ಬದಿಗೆ ಉದ್ದ ಲಿವರ್ ಹಾಕಿದೆ. ಲಿವರ್ ಎತ್ತಿದರೆ ಪಂಪು ಎಂಜಿನ್ ಕಡೆ ವಾಲಿ ಬೆಲ್ಟು ಸಡಿಲ. ಎಂಜಿನ್ ಹಿಡಿದ ಮೇಲೆ ನಿಧಾನಕ್ಕೆ ಇಳಿಸಿದರೆ ಬಿಗಿ, ಆಮೇಲೆ ಒಂದು ಪಿನ್. ನನಗೆ ಈ ಇಡೀ ಕೆಲಸದಲ್ಲಿ ತುಂಬಾ ಖುಷಿ ಕೊಟ್ಟದ್ದು ಈ ಲಿವರ್ರೇ. ಬಿಗಿಯ ಅಳತೆ: ಬೆಲ್ಟಿನ ನಡುವೆ ಹೆಬ್ಬೆರಳಲ್ಲಿ ಒತ್ತಿದರೆ ಒಂದು ಸೆಂಟಿಮೀಟರ್ ಇಳಿಯಬೇಕು. ಎರಡು ಪುಲ್ಲಿಯ ಮುಖ ಒಂದೇ ಗೆರೆಗೆ ಇದೆಯಾ ಅಂತ ದಾರ ಎಳೆದು ಹಿಡಿದು ನೋಡಬೇಕು. ನಾಲ್ಕೂ ಕಡೆ ದಾರ ಮುಟ್ಟಬೇಕು.

ಗಾರ್ಡ್ ಬಗ್ಗೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ತೋಟಕ್ಕೆ ಹೋಗುವುದು ಪಂಚೆ, ಲುಂಗಿ ಉಟ್ಟೇ ಅಲ್ವಾ? ತಲೆಗೆ ಬೈರಾಸು ಬೇರೆ. ಬೆಲ್ಟಿಗೆ ತುದಿ ಸಿಕ್ಕಿದರೆ ಬಿಡಿಸಿಕೊಳ್ಳಲು ಹೊತ್ತೇ ಇರುವುದಿಲ್ಲ. ಪಂಪು ಓಡುವ ಮುಂಚೆಯೇ ಜಾಲರಿ ಕಟ್ಟಿದೆ.

ಮದ್ದಿನ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ, ಪಂಪಿಗೆ ಸಂಬಂಧಪಟ್ಟದ್ದು ಮಾತ್ರ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕೆಜಿ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ, 1 ಕೆಜಿ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಕರಗಿಸಿ ಕೂಡಿಸಬೇಕು. ಎಲ್ಲ ಪ್ಲಾಸ್ಟಿಕ್ ಬ್ಯಾರೆಲ್ಲಿನಲ್ಲೇ, ಕಬ್ಬಿಣ ಬೇಡ. ತಿಕ್ಕಿ ಹೊಳಪು ಮಾಡಿದ ಕತ್ತಿಯನ್ನು ಅದ್ದಿ ತೆಗೆದಾಗ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಅರ್ಥ, ಇನ್ನಷ್ಟು ಸೇರಿಸಬೇಕು. ಇದನ್ನು ಮಾಡದಿದ್ದರೆ ಎಲೆ, ಕಾಯಿ ಸುಡುವುದು ಒಂದು ಕಡೆ, ಪಂಪು ಬೇಗ ಹಾಳಾಗುವುದು ಇನ್ನೊಂದು ಕಡೆ. ಬೈಪಾಸ್ ಪೈಪನ್ನು ಬ್ಯಾರೆಲ್ಲಿನ ಬುಡಕ್ಕೆ ಬಿಟ್ಟಿದ್ದೇನೆ, ಅದು ತಾನಾಗಿ ಮದ್ದನ್ನು ಕಲಕುತ್ತಾ ಇರುತ್ತದೆ, ಕೋಲು ಹಿಡಿದು ನಿಲ್ಲಲು ಒಬ್ಬ ಜನ ಬೇಡ. ಹೀರುವ ಪೈಪಿನ ಬಾಯಿಗೆ ಒಳ್ಳೆ ಜರಡಿ ಇರಲಿ. ಸುಣ್ಣದ ಕಲ್ಲು ಹೋದರೆ ದೋಟಿಯ (ಮದ್ದು ಬಿಡುವ ಉದ್ದ ಕೋಲಿನ) ತುದಿಯ ನಾಝಲ್ ಕಟ್ಟುತ್ತದೆ, ದೋಟಿ ಹಿಡಿದವನ ಬೈಗುಳ ಕೇಳಬೇಕಾಗುತ್ತದೆ. ಸಂಜೆ ಬರೀ ನೀರು ಓಡಿಸಿ ಪಂಪು, ಹೋಸ್, ದೋಟಿ ಎಲ್ಲ ತೊಳೆಯುವುದು.

ಒತ್ತಡ ಎಷ್ಟು ಇಡಬೇಕು ಅನ್ನುವುದರಲ್ಲಿ ಹಲವರಿಗೆ ತಪ್ಪು ಅಂದಾಜು ಇದೆ. ಮರ ಎತ್ತರ ಅಂತ ಗೇಜನ್ನು ಮೇಲಕ್ಕೆ ಏರಿಸುತ್ತಾರೆ. 50 ಅಡಿ ಎತ್ತರಕ್ಕೆ ನೀರು ಏರಲು ಬೇಕಾದದ್ದು ಬರೀ ಒಂದೂವರೆ ಕೆಜಿ. ಉಳಿದದ್ದೆಲ್ಲ ಉದ್ದ ಹೋಸಿನ ಉಜ್ಜಾಟಕ್ಕೆ ಮತ್ತು ನಾಝಲಿನಲ್ಲಿ ಮದ್ದು ಮಂಜಾಗಿ ಒಡೆಯಲಿಕ್ಕೆ. ಹೋಸ್ ತೆಳ್ಳಗಿದ್ದರೆ ಒತ್ತಡ ಏರಿಸುವ ಬದಲು ದಪ್ಪ ಹೋಸ್ ತನ್ನಿ, ಪಂಪಿನ ವಾಷರ್ ಬಾಳಿಕೆ ಬರುತ್ತದೆ. ಮದ್ದು ಗೊನೆಗೆ ಹಿಡಿಯಬೇಕು, ಗೊನೆಯನ್ನು ಬಡಿಯಬಾರದು.

ಡೀಸೆಲ್ ಗಂಟೆಗೆ ಒಂದು ಲೀಟರಿನೊಳಗೇ ಮುಗಿಯುತ್ತದೆ. ಸದ್ದು ಜಾಸ್ತಿ, ಅದು ಹೌದು. ಎಂಜಿನ್ ಹತ್ತಿರ ನಿಂತವನಿಗೆ ದೋಟಿಯವನ ಕೂಗು ಕೇಳುವುದಿಲ್ಲ, ನಾವು ಫೋನ್ ಮಾಡಿ ಮಾತಾಡುತ್ತೇವೆ. ಸೈಲೆನ್ಸರ್ ಪೈಪನ್ನು ಕೊಟ್ಟಿಗೆಯಿಂದ ಹೊರಗೆ ಒಯ್ದು ಬಾಯಿಯನ್ನು ನೆಲದ ಕಡೆ ಬಗ್ಗಿಸಿದ್ದೇನೆ. ಮಳೆ ನೀರೂ ಹೋಗುವುದಿಲ್ಲ, ಹೊಗೆಯೂ ಒಳಗೆ ನಿಲ್ಲುವುದಿಲ್ಲ.

ಉಳಿದಿರುವ ಕೆಲಸ ಒಂದು. ಎಂಜಿನ್ ಜತೆ ಬಂದ ನೀರಿನ ಪಂಪು ಚೆನ್ನಾಗಿಯೇ ಇದೆ, ನೀರು ಸೋರದಂತೆ ತಡೆಯುವ ಗ್ಲಾಂಡ್ ಹಗ್ಗ ಬದಲಿಸಿದರೆ ಸಾಕು. ತೋಡಿಗೆ ಕಟ್ಟ ಹಾಕಿದ ಮೇಲೆ ಬೇಸಗೆಯಲ್ಲಿ ಅದನ್ನೂ ಓಡಿಸಬೇಕು ಅಂತ ಇದೆ. ಅದಕ್ಕೆ 1500 ಸುತ್ತೇ ಬೇಕು, ಹಾಗಾಗಿ ಬೆಲ್ಟು ಬೇಡ, ಹಳೆ ಕಪ್ಲಿಂಗಿನಲ್ಲೇ ನೇರ ಕಟ್ಟಬೇಕು. ಸಮಸ್ಯೆ ಏನೆಂದರೆ ಪುಲ್ಲಿ ಕೂತಿರುವುದೂ ಕಪ್ಲಿಂಗ್ ಕೂರಬೇಕಾದದ್ದೂ ಒಂದೇ ಜಾಗ. ಪುಲ್ಲಿಯ ಮುಖಕ್ಕೇ ಕಪ್ಲಿಂಗಿನ ಬೋಲ್ಟ್ ತೂತು ಕೊರೆದರೆ ಎರಡೂ ಆಗುತ್ತದೆ ಅಂತ ಲೇತಿನವರು ಹೇಳುತ್ತಾರೆ. ಅಷ್ಟು ಉದ್ದಕ್ಕೆ ಚಾಚಿದರೆ ಭಾರ ಬೇರಿಂಗಿನಿಂದ ದೂರ ಹೋಗುತ್ತದಲ್ಲ ಅನ್ನುವುದು ನನ್ನ ಅನುಮಾನ. ಇದನ್ನು ಮಾಡಿ ನೋಡಿದವರು ಯಾರಾದರೂ ಇದ್ದರೆ ಹೇಳಿ, ಅಲ್ಲಿಯವರೆಗೆ ಪುಲ್ಲಿಗೆ ತೂತು ಕೊರೆಯುವುದಿಲ್ಲ.